ಪೈಕ್‌ಗೆ ಮಾಡಿದ ರಬ್ಬರ್ ಮೀನು, ನಮ್ಮ ಕೆರೆಯ ಕೊರವ

ಬೇಸಿಗೆ ರಜೆಗೆ ಅಕ್ಕನ ಮಗ ಶಿವಮೊಗ್ಗದಿಂದ ಊರಿಗೆ ಬಂದಿದ್ದ. ಬ್ಯಾಗಿನಲ್ಲಿ ಹೊಸ ರಾಡು, ಹೊಸ ರೀಲು. ಜೊತೆಗೆ ಗೇಣುದ್ದಕ್ಕಿಂತ ಸ್ವಲ್ಪ ಕಮ್ಮಿ ಇರುವ ಒಂದು ರಬ್ಬರ್ ಮೀನು. ಹೊಟ್ಟೆ ಬೆಳ್ಳಗೆ, ಬೆನ್ನು ಹಸಿರು, ಬಾಲದ ತುದಿಯಲ್ಲಿ ಪುಟ್ಟ ಹಿಮ್ಮಡಿಯಂಥ ಚಪ್ಪಟೆ ಭಾಗ. ಮುಂದೆ ಸೀಸದ ತಲೆ, ಬೆನ್ನ ಮೇಲೆ ಎದ್ದು ನಿಂತ ದೊಡ್ಡ ಹುಕ್ಕು, ಹೊಟ್ಟೆಯ ಕೆಳಗೆ ಮೂರು ಮುಳ್ಳಿನ ಇನ್ನೊಂದು ಹುಕ್ಕು. ಯಾವುದೋ ತಣ್ಣನೆಯ ದೇಶದ ಸರೋವರದಲ್ಲಿ ಪೈಕ್ ಮೀನು ಹಿಡಿಯುವ ವಿಡಿಯೋ ನೋಡಿ ಅದನ್ನೇ ತರಿಸಿದ್ದ.

'ಮಾವ, ಇದಕ್ಕೆ ಮೀಟರ್ ಉದ್ದದ್ದು ಬೀಳುತ್ತೆ' ಅಂದ.

ಸೊರಬದ ಕಡೆಯ ನಮ್ಮ ಕೆರೆಗೆ ಹೋದೆವು. ಮೊದಲನೇ ಎಸೆತಕ್ಕೆ ತಾವರೆ ದಂಟು ಸಿಕ್ಕಿಕೊಂಡು ಬಂತು. ಎರಡನೆಯದಕ್ಕೆ ಒಂದು ಹಿಡಿ ಪಾಚಿ. ಮೂರನೆಯದು ನೀರೊಳಗಿನ ಯಾವುದೋ ಕೊರಡಿಗೆ ಕಚ್ಚಿಕೊಂಡಿತು. ಜಗ್ಗಿದ, ಆಚೆ ಈಚೆ ನಡೆದು ಜಗ್ಗಿದ, ಕೊನೆಗೆ ದಾರ ಕಿತ್ತುಹೋಯಿತು. ಹುಡುಗ ಸಪ್ಪಗಾಗಿ ದಂಡೆಯ ಮೇಲೆ ಕೂತ.

ರಬ್ಬರ್ ಮೀನಿನದ್ದೇನೂ ತಪ್ಪಿಲ್ಲ. ಅದನ್ನು ಬೇರೆ ಮೀನಿಗೆ, ಬೇರೆ ನೀರಿಗೆ ಅಂತ ಮಾಡಿದ್ದು. ಅದರ ಒಂದೊಂದು ಭಾಗ ಯಾಕಿದೆ ಅಂತ ಗೊತ್ತಾದರೆ ನಮ್ಮ ಕೆರೆಗೆ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಅನ್ನುವುದು ತಾನೇ ಗೊತ್ತಾಗುತ್ತದೆ. ಮಲೆನಾಡಿನ ಎಷ್ಟೋ ಹುಡುಗರು ಈಗ ಎರೆಹುಳ ಬಿಟ್ಟು ಲ್ಯೂರ್, ಅಂದರೆ ಇಂಥ ನಕಲಿ ಬೇಟೆ, ಹಿಡಿದಿದ್ದಾರೆ. ಅವರಿಗೆ ಇದನ್ನು ಬಿಡಿಸಿ ಹೇಳಬೇಕು ಅಂತ ಅವತ್ತೇ ಅನ್ನಿಸಿತು.

ಪೈಕ್ ಅಂದರೆ ಯಾವುದು?

ಪೈಕ್ ಭಾರತದಲ್ಲಿ ಇಲ್ಲ. ಯುರೋಪ್, ರಷ್ಯಾ, ಉತ್ತರ ಅಮೆರಿಕದ ತಣ್ಣೀರಿನ ಮೀನು ಅದು. ಮೈ ಉದ್ದ, ಬಾಯಿ ಬಾತುಕೋಳಿಯ ಕೊಕ್ಕಿನ ಹಾಗೆ ಚಪ್ಪಟೆ. ಬೆನ್ನಿನ ರೆಕ್ಕೆ ನಡು ಬೆನ್ನಿನಲ್ಲಿರದೆ ಬಾಲದ ಹತ್ತಿರಕ್ಕೆ ಸರಿದಿರುತ್ತದೆ. ಬಾಲ ಮತ್ತು ಆ ರೆಕ್ಕೆಗಳೆಲ್ಲ ಒಂದೇ ಕಡೆ ಇರುವುದರಿಂದ ನಿಂತಲ್ಲಿಂದಲೇ ಬಾಣದ ಹಾಗೆ ಹಾರಬಲ್ಲದು. ದೂರ ಅಟ್ಟಿಸಿಕೊಂಡು ಹೋಗುವ ಮೀನಲ್ಲ. ಗಿಡದ ಸಂದಿಯಲ್ಲಿ ಅಲ್ಲಾಡದೆ ನಿಂತು, ಹತ್ತಿರ ಬಂದದ್ದನ್ನು ಒಂದೇ ನೆಗೆತಕ್ಕೆ ಹಿಡಿಯುತ್ತದೆ. ಅದರ ಬಾಯಿ ತುಂಬ ಹಲ್ಲು. ಅಂಗುಳಲ್ಲೂ ಸಾಲುಸಾಲು ಹಲ್ಲು, ಅವೂ ಒಳಕ್ಕೆ ಬಾಗಿದವು. ಒಳಗೆ ಹೋದದ್ದು ವಾಪಸ್ ಬರುವ ಹಾಗಿಲ್ಲ.

ಈ ಮೀನಿನ ಸ್ವಭಾವ ಓದಿದಾಗ ನನಗೆ ತಕ್ಷಣ ನೆನಪಾದದ್ದು ನಮ್ಮ ಕೊರವ. ಕೆಲವು ಕಡೆ ಕುಚ್ಚು ಅನ್ನುತ್ತಾರೆ. ಊರು ದಾಟಿದರೆ ಹೆಸರು ಬದಲಾಗುತ್ತದೆ, ಅದರ ಜಾತಿಗಳೂ ಒಂದೆರಡಲ್ಲ. ಲ್ಯೂರ್ ಹಾಕುವ ಹುಡುಗರು ಮರಲ್ ಅನ್ನುತ್ತಾರೆ. ಹಾವಿನಂಥ ತಲೆ, ದೊಡ್ಡ ಬಾಯಿ, ಕಂದು ಮೈ. ಇದೂ ಅವಿತು ಕೂತು ಹಿಡಿಯುವ ಜಾತಿಯೇ. ತಾವರೆ ಎಲೆಯ ನೆರಳು, ಜೊಂಡಿನ ಬುಡ, ಮುಳುಗಿದ ಮರದ ಬೇರು, ಅಂತರಗಂಗೆಯ ಅಂಚು, ಇವೇ ಇದರ ಮನೆ.

ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಕೊರವ ಗಾಳಿ ಕುಡಿಯುವ ಮೀನು. ಕಿವಿರಿನ ಮೇಲ್ಭಾಗದಲ್ಲಿ ಗಾಳಿಯಿಂದ ಆಮ್ಲಜನಕ ಹೀರುವ ಒಂದು ಅಂಗ ಇದೆ. ಹಾಗಾಗಿ ಆಗಾಗ ಮೇಲೆ ಬಂದು 'ಗುಳಕ್' ಅಂತ ಗಾಳಿ ತೆಗೆದುಕೊಳ್ಳಲೇಬೇಕು. ಮೇಲೆ ಬರಲು ಬಿಡದಿದ್ದರೆ ನೀರಿನೊಳಗೇ ಉಸಿರುಗಟ್ಟಿ ಸಾಯುತ್ತದೆ. ಸಂತೆಯಲ್ಲಿ ಒಂದಿಷ್ಟೇ ನೀರಿರುವ ಬಕೆಟ್ಟಿನಲ್ಲೂ ಇದು ಗಂಟೆಗಟ್ಟಲೆ ಬದುಕಿರುವುದು ಇದೇ ಕಾರಣಕ್ಕೆ. ಗಾಳ ಹಾಕುವವನಿಗೆ ಇದರಿಂದ ಎರಡು ಲಾಭ. ಮೀನು ಎಲ್ಲಿದೆ ಅನ್ನುವುದನ್ನು ಅದೇ ಗುಳಕ್ ಹೇಳಿಬಿಡುತ್ತದೆ. ಮತ್ತೆ ಇದಕ್ಕೆ ನೀರಿನ ಮೇಲ್ಮೈ ಅಭ್ಯಾಸ ಇರುವುದರಿಂದ ಮೇಲೆ ತೇಲುವ ಕಪ್ಪೆ, ಮಿಡತೆ, ಇಲಿಮರಿ ಯಾವುದನ್ನೂ ಬಿಡುವುದಿಲ್ಲ. ಪೈಕ್‌ಗೆ ಅಂತ ಮಾಡಿದ ಸೀಸದ ತಲೆಯ ಮೀನು ನೇರ ತಳಕ್ಕೆ ಹೋಗುತ್ತದೆ. ನಮ್ಮ ಮೀನು ಮೇಲೆ ನೋಡುತ್ತಾ ಕೂತಿರುತ್ತದೆ.

ಮೆತ್ತಗೆ ಯಾಕೆ?

ಸಾಫ್ಟ್ ಪ್ಲಾಸ್ಟಿಕ್ ಅನ್ನು ನಾವು ರಬ್ಬರ್ ಅಂತಲೇ ಕರೆಯುತ್ತೇವೆ. ನಿಜವಾಗಿ ಅದು ಪಿವಿಸಿ. ಮನೆಯ ನೀರಿನ ಪೈಪಿಗೆ ಬಳಸುವ ಅದೇ ಪಿವಿಸಿ. ಪುಡಿ ಪಿವಿಸಿಯನ್ನು ಎಣ್ಣೆಯಂಥ ಒಂದು ದ್ರವದಲ್ಲಿ ಕಲಸಿ ಸುಮಾರು 175 ಡಿಗ್ರಿಗೆ ಕಾಯಿಸುತ್ತಾರೆ. ಹಾಲಿನ ಹಾಗಿದ್ದದ್ದು ಮೊದಲು ಗಂಜಿಯಾಗುತ್ತದೆ, ಆಮೇಲೆ ತಿಳಿಯಾಗುತ್ತದೆ. ಆಗ ಬಣ್ಣ, ಮಿಂಚು ಹಾಕಿ ಅಚ್ಚಿಗೆ ಹೊಯ್ಯುತ್ತಾರೆ. ತಣ್ಣಗಾದ ಮೇಲೆ ಮೀನು ಸಿದ್ಧ. ಆ ಎಣ್ಣೆಯಂಥ ದ್ರವ ಪಿವಿಸಿಯ ಕಣಗಳ ನಡುವೆ ಸೇರಿಕೊಂಡು ಅವು ಒಂದಕ್ಕೊಂದು ಬಿಗಿಯಾಗಿ ಅಂಟದಂತೆ ತಡೆಯುತ್ತದೆ. ಪೈಪು ಗಟ್ಟಿ, ರಬ್ಬರ್ ಮೀನು ಮೆತ್ತಗೆ. ವ್ಯತ್ಯಾಸ ಇಷ್ಟೇ. ದ್ರವ ಜಾಸ್ತಿ ಹಾಕಿದರೆ ಇನ್ನೂ ಮೆತ್ತಗೆ, ಬೇಗ ಹರಿಯುತ್ತದೆ. ಕಮ್ಮಿ ಹಾಕಿದರೆ ಬಾಳಿಕೆ ಬರುತ್ತದೆ, ಆದರೆ ಬಾಲ ಸರಿಯಾಗಿ ಆಡುವುದಿಲ್ಲ. ಕೆಲವರು ಇದಕ್ಕೆ ಉಪ್ಪು ಬೆರೆಸುತ್ತಾರೆ. ರುಚಿಗಾಗಿ ಅಂತ ಹೇಳಿದರೂ ಉಪ್ಪಿನ ದೊಡ್ಡ ಕೆಲಸ ತೂಕ ಕೊಡುವುದು. ಸೀಸ ಕಟ್ಟದೆಯೇ ದೂರ ಎಸೆಯಬಹುದು, ನಿಧಾನವಾಗಿ ಮುಳುಗುತ್ತದೆ.

ಅಮೆರಿಕದ ಒಹಾಯೋ ರಾಜ್ಯದ ಆ್ಯಕ್ರನ್ ಅನ್ನುವ ಊರಿನಲ್ಲಿ ನಿಕ್ ಕ್ರೀಮ್ ಅನ್ನುವವರು 1949ರಲ್ಲಿ ಹೀಗೆ ಪ್ಲಾಸ್ಟಿಕ್ ಎರೆಹುಳ ಮಾಡಿ ಮಾರಿದರು. ಈಗ ಸಿಗುವ ಮೀನು, ಕಪ್ಪೆ, ಹುಳ ಎಲ್ಲದರ ಹಿಂದೆ ಆ ಎರೆಹುಳ ಇದೆ. ಮನೆಯಲ್ಲೇ ಕರಗಿಸಿ ಮಾಡುವ ವಿಡಿಯೋಗಳೂ ಇವೆ. ದಯವಿಟ್ಟು ಅಡುಗೆಮನೆಯಲ್ಲಿ ಮಾತ್ರ ಇದನ್ನು ಮಾಡಬೇಡಿ. ಕಾವು ಜಾಸ್ತಿಯಾದರೆ ಪಿವಿಸಿಯಿಂದ ಬರುವ ಹೊಗೆಯಲ್ಲಿ ಆಮ್ಲ ಇರುತ್ತದೆ, ಎದೆ ಸುಡುತ್ತದೆ.

ಮೆತ್ತಗಿರುವುದರಿಂದ ಏನು ಲಾಭ? ಮರದ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ಲ್ಯೂರ್ ಕಚ್ಚಿದ ಮೀನಿಗೆ ಇದು ಊಟ ಅಲ್ಲ ಅಂತ ಆ ಕ್ಷಣವೇ ಗೊತ್ತಾಗುತ್ತದೆ. ಉಗಿದುಬಿಡುತ್ತದೆ. ಮೆತ್ತಗಿದ್ದರೆ ಒಂದೆರಡು ಕ್ಷಣ ಜಾಸ್ತಿ ಹಿಡಿದುಕೊಳ್ಳುತ್ತದೆ. ಗಾಳ ಹಾಕುವವನಿಗೆ ಆ ಒಂದೆರಡು ಕ್ಷಣ ಸಾಕು. ಎರಡನೆಯದು, ಮೆತ್ತಗಿರುವ ಮೈಯೊಳಗೆ ಹುಕ್ಕಿನ ಮೊನೆಯನ್ನು ಬಚ್ಚಿಡಬಹುದು. ನಮ್ಮ ಕೆರೆಗಳಿಗೆ ಈ ಎರಡನೆಯದೇ ಮುಖ್ಯ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಬಾಲದ ವಿಷಯ. ಆ ಹಿಮ್ಮಡಿಯಂಥ ಚಪ್ಪಟೆ ತುದಿಯ ಬಾಲಕ್ಕೆ ಪ್ಯಾಡಲ್ ಟೇಲ್ ಅನ್ನುತ್ತಾರೆ. ಎಳೆದಾಗ ನೀರು ಆ ಚಪ್ಪಟೆ ಮುಖಕ್ಕೆ ಬಂದು ತಳ್ಳುತ್ತದೆ. ಬಾಲ ಒಂದು ಕಡೆ ಬಾಗುತ್ತದೆ. ಬಾಗಿದ ಕೂಡಲೇ ನೀರು ಪಕ್ಕದಿಂದ ಜಾರಿ ಸುಳಿಯಾಗಿ ಹೋಗುತ್ತದೆ, ಒತ್ತಡ ಆಚೆ ಕಡೆಗೆ ತಿರುಗುತ್ತದೆ, ಬಾಲ ವಾಪಸ್ ಬರುತ್ತದೆ. ಎಡ, ಬಲ, ಎಡ, ಬಲ. ಬಾಲ ಎಡಕ್ಕೆ ಹೋದಾಗಲೆಲ್ಲ ಮೈ ಬಲಕ್ಕೆ ಸ್ವಲ್ಪ ಹೊರಳುತ್ತದೆ. ದೂರದಿಂದ ನೋಡಿದರೆ ಗಾಯಗೊಂಡ ಮೀನೊಂದು ಕಷ್ಟಪಟ್ಟು ಈಜುತ್ತಿರುವ ಹಾಗೆ ಕಾಣುತ್ತದೆ. ಬಾಲ ಮೈಗೆ ಸೇರುವ ಜಾಗ ಎಷ್ಟು ತೆಳು ಅನ್ನುವುದರ ಮೇಲೆ ಎಲ್ಲ ನಿಂತಿದೆ. ಅಂಗಡಿಯಲ್ಲಿ ಕೊಳ್ಳುವಾಗ ಮೈಯನ್ನು ಹಿಡಿದು ಅಡ್ಡ ಇಟ್ಟು ಒಮ್ಮೆ ಅಲ್ಲಾಡಿಸಿ. ಬಾಲ ತನ್ನ ತೂಕಕ್ಕೇ ತೊನೆದರೆ ನಿಧಾನ ಎಳೆದರೂ ಆಡುತ್ತದೆ. ಸೆಟೆದು ನಿಂತರೆ ಜೋರಾಗಿ ಎಳೆಯಬೇಕಾಗುತ್ತದೆ. ಜೋರಾಗಿ ಎಳೆಯಲು ನಮ್ಮ ಜೊಂಡಿನ ನಡುವೆ ಜಾಗ ಎಲ್ಲಿದೆ?

ಈ ಆಟವನ್ನು ಮೀನು ಕಣ್ಣಿನಿಂದ ಮಾತ್ರ ನೋಡುವುದಿಲ್ಲ. ಮೀನಿನ ಎರಡೂ ಬದಿಯಲ್ಲಿ ತಲೆಯಿಂದ ಬಾಲದವರೆಗೆ ಒಂದು ಗೆರೆ ಇರುತ್ತದೆ. ಪಾರ್ಶ್ವರೇಖೆ ಅಂತ ಶಾಲೆಯಲ್ಲಿ ಓದಿದ್ದೇವೆ. ನೀರಿನ ಸಣ್ಣ ಕಂಪನವನ್ನೂ ಅದು ಹಿಡಿಯುತ್ತದೆ. ಮಳೆಗಾಲದ ಕೆಂಪು ನೀರಿನಲ್ಲಿ ಒಂದು ಗೇಣು ಆಚೆ ಏನೂ ಕಾಣುವುದಿಲ್ಲ. ಆಗಲೂ ಕೊರವ ಗುರಿ ತಪ್ಪದೆ ಹೊಡೆಯುವುದು ಆ ಗೆರೆಯ ಬಲದಿಂದ. ಹಾಗಾಗಿ ಕಲಕಿದ ನೀರಿಗೆ ದೊಡ್ಡ ಬಾಲ, ಕಪ್ಪು ಅಥವಾ ಗಾಢ ಬಣ್ಣ. ಕೆಳಗಿನಿಂದ ನೋಡಿದರೆ ಆಕಾಶದ ಬೆಳಕಿಗೆ ಕಪ್ಪು ಚೆನ್ನಾಗಿ ಎದ್ದು ಕಾಣುತ್ತದೆ. ಮಾಗಿಯ ಹೊತ್ತಿಗೆ ನೀರು ತಿಳಿಯಾದ ಮೇಲೆ ಕಂದು, ಹಸಿರು, ಬೆಳ್ಳಿ. ಅಷ್ಟು ಸಾಕು. ಬಣ್ಣದ ಬಗ್ಗೆ ಇದಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಳ್ಳುವ ಅಗತ್ಯ ನನಗೆ ಕಂಡಿಲ್ಲ. ಅಂಗಡಿಯ ಇಪ್ಪತ್ತು ಬಣ್ಣಗಳಲ್ಲಿ ಮೂರು ಇದ್ದರೆ ವರ್ಷ ಕಳೆಯಬಹುದು.

ಮೊನೆ ಬಚ್ಚಿಡುವುದು

ಪೈಕ್ ಹಿಡಿಯುವವರು ದೊಡ್ಡ ಸರೋವರದ ತೆರೆದ ನೀರಿನಲ್ಲೂ ಎಸೆಯುತ್ತಾರೆ. ದೋಣಿಯಲ್ಲಿ ಹೋಗಿ ಗಿಡಗಳ ಹೊರ ಅಂಚಿಗೆ ಎಸೆದು, ಆಳದ ಕಡೆಗೆ ಎಳೆಯುತ್ತಾರೆ. 15ರಿಂದ 25 ಸೆಂಟಿಮೀಟರ್ ಉದ್ದದ ಲ್ಯೂರ್ ಅವರಿಗೆ ಸಾಮಾನ್ಯ. ಮೀನೂ ದೊಡ್ಡದು, ಅದರ ಆಹಾರವೂ ದೊಡ್ಡದು. ಪೈಕ್ ತನ್ನ ಬೇಟೆಯನ್ನು ಹೆಚ್ಚಾಗಿ ಅಡ್ಡಕ್ಕೆ ಹಿಡಿದು, ಆಮೇಲೆ ತಿರುಗಿಸಿ ತಲೆಯ ಕಡೆಯಿಂದ ನುಂಗುತ್ತದೆ. ಅಷ್ಟುದ್ದದ ಲ್ಯೂರಿಗೆ ಮುಂದೆ ಒಂದೇ ಹುಕ್ಕಿದ್ದರೆ ನಡುವಿಗೆ ಹಿಡಿದ ಪೈಕ್ ತಪ್ಪಿಹೋಗುತ್ತದೆ. ಅದಕ್ಕೇ ಹೊಟ್ಟೆಯ ಕೆಳಗೆ ಇನ್ನೊಂದು ಮೂರು ಮುಳ್ಳಿನ ಹುಕ್ಕು. ಅಲ್ಲಿಗೆ ಅದು ಸರಿ. ನಮ್ಮ ಕೆರೆಗೆ ಅದು ಪಾಚಿ ಬಾಚುವ ಬಾಚಣಿಗೆ. ಲಿಂಗನಮಕ್ಕಿ ಹಿನ್ನೀರಿನ ಕಡೆಯವರಿಗೆ ಇನ್ನೂ ಚೆನ್ನಾಗಿ ಗೊತ್ತು. 1964ರಲ್ಲಿ ಶರಾವತಿಗೆ ಅಣೆಕಟ್ಟು ಕಟ್ಟಿದಾಗ ಕಾಡು ಕಾಡೇ ಮುಳುಗಿತು. ಬೇಸಿಗೆಯಲ್ಲಿ ನೀರು ಇಳಿದಾಗ ಆ ಮರಗಳ ಬೊಡ್ಡೆಗಳು ಇವತ್ತಿಗೂ ಎದ್ದು ನಿಲ್ಲುತ್ತವೆ. ಅಂಥ ನೀರಿನಲ್ಲಿ ಬಿಚ್ಚು ಮೊನೆಯ ಹುಕ್ಕು ಎಸೆದರೆ ಉಳಿಯುವುದಿಲ್ಲ.

ನಮಗೆ ಬೇಕಾದದ್ದು ಆಫ್‌ಸೆಟ್ ಹುಕ್ಕು. ದಾರ ಕಟ್ಟುವ ಕಣ್ಣಿನ ಹತ್ತಿರ ಮೆಟ್ಟಿಲಿನ ಹಾಗೆ ಎರಡು ಸಲ ಮಡಚಿರುತ್ತದೆ. ಲ್ಯೂರ್ ಮೂರರಿಂದ ನಾಲ್ಕು ಇಂಚು ಸಾಕು. ಅದಕ್ಕೆ 3/0 ಅಥವಾ 4/0 ಅಳತೆಯ ಹುಕ್ಕು. ಹುಕ್ಕಿನ ಬಾಗಿನ ಅಗಲ ಲ್ಯೂರಿನ ಮೈಯ ದಪ್ಪಕ್ಕಿಂತ ಚೆನ್ನಾಗಿ ಜಾಸ್ತಿ ಇರಬೇಕು. ಇಲ್ಲದಿದ್ದರೆ ಕಚ್ಚಿದಾಗ ಪ್ಲಾಸ್ಟಿಕ್ ಬಾಗಿನಲ್ಲೇ ಮುದ್ದೆಯಾಗಿ ನಿಂತು ಮೊನೆಯನ್ನು ಮುಚ್ಚಿಬಿಡುತ್ತದೆ.

ಅವತ್ತು ಹುಡುಗನ ಕೈಯಲ್ಲಿ ಇದನ್ನೇ ಮಾಡಿಸಿದೆ. ಮೊನೆಯನ್ನು ಲ್ಯೂರಿನ ಮೂತಿಯ ನಟ್ಟನಡುವೆ ಇಟ್ಟು ನೇರ ಒಳಕ್ಕೆ ಚುಚ್ಚಬೇಕು, ಅರ್ಧ ಸೆಂಟಿಮೀಟರಿನಷ್ಟು. ಆಮೇಲೆ ಕೆಳಕ್ಕೆ ತಿರುಗಿಸಿ ಗದ್ದದ ಹತ್ತಿರ ಹೊರಗೆ ತೆಗೆಯಬೇಕು. ಹುಕ್ಕನ್ನು ಪೂರ್ತಿ ಎಳೆದುಕೊಂಡು ಬಂದರೆ ಆ ಮೆಟ್ಟಿಲು ಮೂತಿಯೊಳಗೆ ಹೋಗಿ ಕೂರುತ್ತದೆ, ಕಣ್ಣು ಮಾತ್ರ ಹೊರಗೆ. ಈಗ ಹುಕ್ಕನ್ನು ಅರ್ಧ ಸುತ್ತು ತಿರುಗಿಸಿ. ಮೊನೆ ಲ್ಯೂರಿನ ಹೊಟ್ಟೆಯ ಕಡೆ ನೋಡುತ್ತದೆ. ಇಲ್ಲಿ ಅವಸರ ಬೇಡ. ಹುಕ್ಕನ್ನು ಲ್ಯೂರಿನ ಪಕ್ಕಕ್ಕೆ ಸುಮ್ನೆ ಒರಗಿಸಿ, ಬಾಗು ಎಲ್ಲಿಗೆ ಬರುತ್ತದೆ ನೋಡಿ. ಆ ಜಾಗಕ್ಕೆ ಹೆಬ್ಬೆರಳಿನ ಉಗುರಿನಿಂದ ಒಂದು ಗುರುತು ಮಾಡಿ. ಲ್ಯೂರಿನ ಮೈಯನ್ನು ಸ್ವಲ್ಪ ಮಡಚಿ, ಆ ಗುರುತಿನಲ್ಲೇ ಚುಚ್ಚಿ ಬೆನ್ನಿನಿಂದ ಹೊರಗೆ ತನ್ನಿ. ಕೈ ಬಿಟ್ಟಾಗ ಮೈ ನೆಟ್ಟಗಾಗಬೇಕು. ಮೊನೆ ಬೆನ್ನಿಗೆ ಒರಗಿ ಮಲಗಿರುತ್ತದೆ. ಕೊನೆಗೆ ಬೆನ್ನಿನ ಪ್ಲಾಸ್ಟಿಕ್ಕನ್ನು ಒಂದು ಚೂರು ಮುಂದಕ್ಕೆ ತಳ್ಳಿ, ಮೊನೆಯ ತುದಿ ಮಾತ್ರ ಅದರ ಸಿಪ್ಪೆಯೊಳಗೆ ಅಡಗುವ ಹಾಗೆ ಮಾಡಿ. ಬೆರಳು ಸವರಿದರೆ ಮೊನೆ ತಾಗಬಾರದು. ಒತ್ತಿದರೆ ತಾಗಬೇಕು.

ಮೊದಲನೆಯದು ಹುಡುಗನಿಗೆ ಸೊಟ್ಟಗಾಯಿತು. ಗುರುತಿಗಿಂತ ಒಂದು ನೂಲು ಬಾಲದ ಕಡೆಗೆ ಚುಚ್ಚಿದ್ದ, ಲ್ಯೂರಿನ ಬೆನ್ನು ಗೂನಾಗಿತ್ತು. ಹಾಗೇ ನೀರಿಗೆ ಬಿಟ್ಟು ನೋಡು ಅಂದೆ. ಎಳೆದಾಗ ಮೀನಿನ ಹಾಗೆ ಈಜುವ ಬದಲು ತಿರುಪಿನ ಹಾಗೆ ಗಿರಗಿರ ಸುತ್ತಿತು. ಹೀಗೆ ಸುತ್ತಿದರೆ ದಾರಕ್ಕೂ ಹುರಿ ಬೀಳುತ್ತದೆ, ರೀಲಿನಲ್ಲಿ ಗಂಟಾಗುತ್ತದೆ. ಎರಡನೆಯದು ನೆಟ್ಟಗೆ ಬಂತು. ಎಸೆದದ್ದು ತಾವರೆ ಎಲೆಯ ಮೇಲೆ ಬಿದ್ದು, ಹಾವಿನ ಹಾಗೆ ಜಾರಿ ನೀರಿಗಿಳಿಯಿತು. ಎಲೆಯ ಮೇಲೆ ಒಂದು ಗೀರೂ ಬೀಳಲಿಲ್ಲ. ಅವನ ಮುಖ ಅರಳಿದ್ದನ್ನು ನೋಡಬೇಕಿತ್ತು.

ತೂಕ ಬೇಕಾದರೆ ಹುಕ್ಕಿನ ಬಾಗಿನ ಹತ್ತಿರವೇ ಮೂರು ಗ್ರಾಂ ಸೀಸ ಕೂರಿಸಿದ ಹುಕ್ಕುಗಳು ಸಿಗುತ್ತವೆ. ಹೊಟ್ಟೆಯಲ್ಲಿ ತೂಕ ಇರುವುದರಿಂದ ಲ್ಯೂರ್ ಮಗುಚುವುದಿಲ್ಲ, ಅಡ್ಡಕ್ಕೆ ನಿಧಾನ ಇಳಿಯುತ್ತದೆ. ಮೊಣಕಾಲುದ್ದ ನೀರಿನಲ್ಲಿ ಅದೂ ಬೇಡ.

ಕಪ್ಪೆ

ನಮ್ಮ ಕೊರವನಿಗೆ ಇನ್ನೂ ಹೊಂದುವುದು ಟೊಳ್ಳು ಕಪ್ಪೆ. ಒಳಗೆ ಗಾಳಿ ತುಂಬಿದ ಮೆತ್ತನೆಯ ಕಪ್ಪೆ, ಹಿಂದೆ ರಬ್ಬರ್ ಎಳೆಗಳ ಕಾಲು. ಜೋಡಿ ಹುಕ್ಕುಗಳು ಮೇಲ್ಮುಖವಾಗಿ ಬೆನ್ನಿಗೆ ಅಂಟಿಕೊಂಡ ಹಾಗೆ ಇರುತ್ತವೆ. ಎಲೆ, ಪಾಚಿ, ಕಸ ಏನೇ ಇರಲಿ ಮೇಲೆ ಜಾರಿಕೊಂಡು ಬರುತ್ತದೆ. ಮೀನು ಬಾಯಿ ಮುಚ್ಚಿದಾಗ ಕಪ್ಪೆ ಚಪ್ಪಟೆಯಾಗಿ ಹುಕ್ಕು ಹೊರಗೆ ಬರುತ್ತದೆ. ಕೊಳ್ಳುವ ಮೊದಲು ಹೆಬ್ಬೆರಳಿನಿಂದ ಒತ್ತಿ ನೋಡಿ. ಸುಲಭಕ್ಕೆ ಚಪ್ಪಟೆಯಾಗದ ಕಪ್ಪೆ ಎಷ್ಟು ಚೆಂದ ಕಂಡರೂ ಬೇಡ. ಪ್ರತಿ ಹತ್ತಿಪ್ಪತ್ತು ಎಸೆತಕ್ಕೊಮ್ಮೆ ಹಿಂಡಿ ಒಳಗೆ ಸೇರಿದ ನೀರು ತೆಗೆಯಬೇಕು, ಇಲ್ಲದಿದ್ದರೆ ಮುಳುಗುತ್ತದೆ.

ಎಳೆಯುವುದರಲ್ಲಿ ಒಂದು ಲಯ ಇದೆ. ಎಲೆಯಿಂದ ಎಲೆಗೆ ಜಾರಿಸಿ, ಎರಡು ಎಲೆಯ ನಡುವಿನ ಕಿಂಡಿಯಲ್ಲಿ ನಿಲ್ಲಿಸಬೇಕು. ನಿಜವಾದ ಕಪ್ಪೆ ಮಾಡುವುದೂ ಅದನ್ನೇ ಅಲ್ವಾ? ಕೊರವ ಹೊಡೆಯುವುದು ಹೆಚ್ಚಾಗಿ ಆ ನಿಂತ ಹೊತ್ತಿನಲ್ಲೇ. ಕೆಲವು ಸಲ ಎಲೆಗಳು ಒಂದು ಕಡೆಯಿಂದ ಅಲ್ಲಾಡುತ್ತಾ ಬರುತ್ತವೆ. ಅಡಿಯಲ್ಲಿ ಮೀನು ಬರುತ್ತಿದೆ ಅಂತ ಕಣ್ಣಿಗೆ ಕಾಣುತ್ತದೆ. ಆಗ ಎಳೆಯುವುದನ್ನು ನಿಲ್ಲಿಸಿಬಿಡಬಾರದು, ಜೋರೂ ಮಾಡಬಾರದು. ಇದ್ದ ಹಾಗೇ ಹೋಗುತ್ತಿರಬೇಕು. ಆಮೇಲೆ 'ಧಬ್' ಅಂತ ನೀರು ಸಿಡಿಯುತ್ತದೆ.

ಎಲ್ಲರೂ ತಪ್ಪುವುದು ಇಲ್ಲೇ. ನೀರು ಸಿಡಿದ ಕೂಡಲೇ ರಾಡು ಎತ್ತಿಬಿಡುತ್ತಾರೆ. ಕಪ್ಪೆ ಮೀನಿನ ಬಾಯಿಯಿಂದ ಹಾರಿ ಮುಖಕ್ಕೇ ಬರುತ್ತದೆ. ಸಿಡಿದಾಗ ಕಪ್ಪೆ ಇನ್ನೂ ತುಟಿಯ ಹತ್ತಿರ ಇರುತ್ತದೆ, ಎಷ್ಟೋ ಸಲ ಬಾಯೊಳಗೆ ಹೋಗಿಯೇ ಇರುವುದಿಲ್ಲ. ರಾಡು ತಗ್ಗಿಸಿ ಮನಸ್ಸಿನಲ್ಲಿ ಒಂದು, ಎರಡು ಎಣಿಸಿ. ದಾರ ಬಿಗಿಯಾಗಿ ಭಾರ ಗೊತ್ತಾಗಬೇಕು. ಆಗ ಎತ್ತಬೇಕು, ಮೈಯೆಲ್ಲ ಬಲ ಹಾಕಿ. ಕೊರವನ ಬಾಯಿ ಮೂಳೆಯಂತೆ ಗಟ್ಟಿ, ಮೆಲ್ಲಗೆ ಎಳೆದರೆ ಹುಕ್ಕು ಕೂರುವುದಿಲ್ಲ. ತಪ್ಪಿಹೋದರೆ ಬೇಸರ ಬೇಡ. ಅಲ್ಲೇ ಹತ್ತಿರದಲ್ಲಿ ಇನ್ನೊಂದು ಸಲ ಹಾಕಿದರೆ ಎಷ್ಟೋ ಬಾರಿ ಅದೇ ಮೀನು ಮತ್ತೆ ಬರುತ್ತದೆ.

ಇದೇ ಕಾರಣಕ್ಕೆ ಸಾಮಾನು ಗಟ್ಟಿ ಇರಬೇಕು. ಮಾಮೂಲಿ ನೈಲಾನ್ ದಾರ ಎಳೆದಾಗ ರಬ್ಬರಿನ ಹಾಗೆ ಹಿಗ್ಗುತ್ತದೆ. ಇಪ್ಪತ್ತು ಮೀಟರ್ ಆಚೆ ಮೀನು ಕಚ್ಚಿದಾಗ ನೀವು ಎಳೆದ ಬಲದಲ್ಲಿ ಎಷ್ಟೋ ಪಾಲು ಹಿಗ್ಗುವುದಕ್ಕೇ ಖರ್ಚಾಗುತ್ತದೆ. ಹೆಣೆದ ದಾರ, ಅಂದರೆ ಬ್ರೇಡ್, ಹೆಚ್ಚುಕಮ್ಮಿ ಹಿಗ್ಗುವುದೇ ಇಲ್ಲ. 30ರಿಂದ 50 ಪೌಂಡ್ ಭಾರ ತಡೆಯುವ ಬ್ರೇಡ್, ಏಳು ಅಡಿ ಹತ್ತಿರದ ಸ್ವಲ್ಪ ಬಿರುಸಾದ ರಾಡು. ಮೀನು ಎರಡು ಕಿಲೋ ಇದ್ದರೂ ಅದರ ಜೊತೆ ಐದು ಕಿಲೋ ಜೊಂಡು ಬರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಕು. ಪೈಕ್ ಹಿಡಿಯುವವರು ಲ್ಯೂರಿನ ಮುಂದೆ ಒಂದು ಮೊಳದಷ್ಟು ಲೋಹದ ತಂತಿ ಕಟ್ಟುತ್ತಾರೆ. ಆ ಹಲ್ಲಿಗೆ ಮಾಮೂಲಿ ದಾರ ನಿಲ್ಲುವುದಿಲ್ಲ. ತಂತಿ ಇಲ್ಲದೆ ಹಾಕಿದರೆ ದಾರ ಕತ್ತರಿಸಿ, ಪೈಕ್ ಬಾಯಲ್ಲಿ ಹುಕ್ಕು ಹೊತ್ತುಕೊಂಡು ಹೋಗಿ ನರಳುತ್ತದೆ. ನಮ್ಮ ಕೊರವನಿಗೂ ಹಲ್ಲಿದೆ, ಆದರೆ ಅಷ್ಟಿಲ್ಲ. ಲ್ಯೂರಿನ ಮುಂದೆ ಕಟ್ಟಲು ದಪ್ಪ ನೈಲಾನಿನ ಒಂದು ಮೊಳ ತುಂಡು, ಅಂದರೆ ಲೀಡರ್, ಸಾಕು. ಹಾಗಂತ ಹುಕ್ಕು ಬಿಡಿಸಲು ಬೆರಳು ಹಾಕಬೇಡಿ. ಮೂತಿ ಉದ್ದದ ಇಕ್ಕಳ ಜೇಬಿನಲ್ಲಿರಲಿ.

ಡಬ್ಬಿಯೊಳಗೆ

ನನ್ನ ಒಂದು ನಷ್ಟದ ಕಥೆ ಹೇಳುತ್ತೇನೆ, ಇನ್ನೊಬ್ಬರಿಗೆ ಆಗುವುದು ಬೇಡ. ಒಂದು ಏಪ್ರಿಲ್‌ನಲ್ಲಿ ನನ್ನ ಎಲ್ಲ ಮೆತ್ತನೆ ಲ್ಯೂರುಗಳನ್ನು ಒಂದೇ ಪ್ಲಾಸ್ಟಿಕ್ ಡಬ್ಬಿಗೆ ತುಂಬಿ ಬೈಕಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೆ. ಎರಡು ವಾರ ಬಿಟ್ಟು ತೆಗೆದರೆ ಒಳಗೆ ಜೋನಿಬೆಲ್ಲ ಚೆಲ್ಲಿದ ಹಾಗೆ ಅಂಟು. ಲ್ಯೂರುಗಳು ಒಂದಕ್ಕೊಂದು ಕರಗಿ ಕೂಡಿಕೊಂಡಿದ್ದವು. ಡಬ್ಬಿಯ ತಳವೂ ಮೆತ್ತಗಾಗಿತ್ತು. ಆಮೇಲೆ ಓದಿ ತಿಳಿದುಕೊಂಡೆ. ಪಿವಿಸಿಯೊಳಗಿನ ಆ ಎಣ್ಣೆಯಂಥ ದ್ರವ ಅಲ್ಲೇ ನಿಲ್ಲುವುದಿಲ್ಲ, ಪಕ್ಕದ ವಸ್ತುವಿಗೆ ಇಳಿಯುತ್ತದೆ. ಹೆಚ್ಚು ಹಿಗ್ಗುವ ಬೇರೆ ಬಗೆಯ ಪ್ಲಾಸ್ಟಿಕ್ಕಿನ ಲ್ಯೂರುಗಳೂ ಈಗ ಬಂದಿವೆ. ಅದನ್ನೂ ಇದನ್ನೂ ಒಟ್ಟಿಗೆ ಇಟ್ಟರೆ ಎರಡೂ ಹಾಳು. ಬಂದ ಪ್ಯಾಕೆಟ್ಟಿನಲ್ಲೇ ಬೇರೆ ಬೇರೆ ಇಡಿ. ನೆರಳಲ್ಲಿಡಿ. ಬಾಲ ಮಡಚಿಕೊಳ್ಳದ ಹಾಗೆ ನೆಟ್ಟಗೆ ಮಲಗಿಸಿ. ಮಡಚಿದ ಬಾಲ ಬಿಸಿನೀರಿಗೆ ಒಂದು ನಿಮಿಷ ಹಾಕಿ ತಣ್ಣೀರಿಗೆ ಅದ್ದಿದರೆ ಸರಿಹೋಗುತ್ತದೆ.

ಹರಿದ ಲ್ಯೂರನ್ನು ಕೆರೆಗೆ ಎಸೆಯಬಾರದು. ಎರೆಹುಳ ಎಸೆದ ಅಭ್ಯಾಸದ ಕೈ ಅದನ್ನೂ ಎಸೆದುಬಿಡುತ್ತದೆ. ಪಿವಿಸಿ ಕೊಳೆಯುವುದಿಲ್ಲ. ನೀರಲ್ಲಿ ಬಿದ್ದದ್ದನ್ನು ಮೀನು ನುಂಗಿದರೆ ಹೊಟ್ಟೆಯಲ್ಲಿ ಜೀರ್ಣವಾಗದೆ ಅಲ್ಲೇ ಉಳಿಯುತ್ತದೆ. ನಾನು ಒಂದು ಹಳೆಯ ಗುಟ್ಕಾ ಡಬ್ಬಿಯನ್ನು ಇದಕ್ಕೇ ಇಟ್ಟುಕೊಂಡಿದ್ದೇನೆ, ಹರಿದದ್ದೆಲ್ಲ ಅದಕ್ಕೆ. ಕಿತ್ತ ದಾರದ ತುಂಡೂ ಅದಕ್ಕೇ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ ಮಂಡಗದ್ದೆ ಸಿಗುತ್ತದಲ್ಲ, ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ ಗೂಡು ಕಟ್ಟುವ ಜಾಗ. ಆ ಹಕ್ಕಿಗಳ ಕಾಲಿಗೆ ಸುತ್ತಿಕೊಂಡರೆ ಬ್ರೇಡ್ ದಾರ ಹರಿಯುವುದಿಲ್ಲ, ಕಾಲೇ ಹೋಗುತ್ತದೆ. ಸೀಸದ ಗುಂಡಿನದೂ ಇದೇ ಕಥೆ. ಹಂಸಗಳು ಕಲ್ಲು ಅಂದುಕೊಂಡು ಸೀಸ ನುಂಗಿ ಸಾಯುತ್ತಿದ್ದದ್ದಕ್ಕೆ ಬ್ರಿಟನ್ನಿನಲ್ಲಿ 1987ರಲ್ಲೇ ಗಾಳದ ಸಣ್ಣ ಸೀಸದ ಗುಂಡುಗಳ ಮಾರಾಟ ನಿಲ್ಲಿಸಿದರು. ಟಂಗ್‌ಸ್ಟನ್ ತೂಕಗಳು ಇಲ್ಲೂ ಸಿಗುತ್ತವೆ, ದುಬಾರಿ. ಸೀಸ ಕಟ್ಟದೆ ಹಾಕುವುದನ್ನು ಕಲಿತರೆ ಖರ್ಚೇ ಇಲ್ಲ.

ಎಲ್ಲಿ ಹಾಕಬಾರದು ಅನ್ನುವುದೂ ಗೊತ್ತಿರಬೇಕು. ಶೃಂಗೇರಿಯ ತುಂಗೆಯಲ್ಲಿ, ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆ ಮತ್ಸ್ಯಧಾಮದಲ್ಲಿ ಮೀನುಗಳನ್ನು ಯಾರೂ ಮುಟ್ಟುವುದಿಲ್ಲ. ಭದ್ರಾ, ಶರಾವತಿ ಹಿನ್ನೀರುಗಳ ಸಾಕಷ್ಟು ಭಾಗ ಅಭಯಾರಣ್ಯದೊಳಗೆ ಬರುತ್ತದೆ, ಅಲ್ಲಿ ಗಾಳ ಹಾಕುವುದು ಅಪರಾಧ. ಊರ ಕೆರೆಗಳನ್ನು ಸಾಮಾನ್ಯವಾಗಿ ಮೀನು ಸಾಕಲು ಗುತ್ತಿಗೆಗೆ ಕೊಟ್ಟಿರುತ್ತಾರೆ. ಗುತ್ತಿಗೆ ಹಿಡಿದವರನ್ನು ಕೇಳಿಯೇ ಹಾಕಬೇಕು. ಕೊರವ ಅವರು ಬಿಟ್ಟ ಮರಿಗಳನ್ನು ತಿನ್ನುತ್ತದೆ, ಹಾಗಾಗಿ ಕೇಳಿದರೆ ಬೇಡ ಅನ್ನುವವರು ಕಮ್ಮಿ.

ಮುಂಗಾರು ಹತ್ತಿದ ಮೇಲೆ ಇನ್ನೊಂದು ವಿಷಯ. ಹೊಸ ನೀರಿಗೆ ಮೀನು ಹತ್ತುವ ಹೊತ್ತು ಅದು. ಗದ್ದೆ ಬದುವಿನಲ್ಲಿ ಕೂಣಿ ಇಟ್ಟು ಹತ್ತುಮೀನು ಹಿಡಿಯುವ ಸಂಭ್ರಮ ಮಲೆನಾಡಿನ ಮನೆಮನೆಗೂ ಗೊತ್ತು. ಕೊರವವೂ ಆಗಲೇ ಮರಿ ಮಾಡುತ್ತದೆ. ಕೆರೆಯ ಅಂಚಿನಲ್ಲಿ, ತಟ್ಟೆಯಷ್ಟು ಜಾಗದಲ್ಲಿ ನೀರು ಜೋರು ಮಳೆ ಬಿದ್ದಂತೆ ಕುದಿಯುತ್ತಿರುತ್ತದೆ. ಹತ್ತಿರ ಹೋದರೆ ಕೆಂಪು ಕೆಂಪು ಮರಿಗಳ ಮುದ್ದೆ, ಎಲ್ಲವೂ ಗಾಳಿಗಾಗಿ ಮೇಲೆ ಬಂದಿರುತ್ತವೆ. ಅವುಗಳ ಅಡಿಯಲ್ಲೇ ಅಪ್ಪನೋ ಅಮ್ಮನೋ ಕಾವಲು ಇರುತ್ತದೆ. ಆ ಕೆಂಪು ಮುದ್ದೆಯ ಮೇಲೆ ಕಪ್ಪೆ ಎಸೆದರೆ ದೊಡ್ಡ ಮೀನು ಖಂಡಿತ ಹೊಡೆಯುತ್ತದೆ. ಹಸಿವಿಗಲ್ಲ, ಮರಿಗಳನ್ನು ಉಳಿಸಲು. ವಿಡಿಯೋಗಳಲ್ಲಿ ಇದನ್ನು ಸುಲಭ ಉಪಾಯ ಅಂತ ಹೇಳಿಕೊಡುವವರಿದ್ದಾರೆ. ಕಾವಲು ಹೋದ ಕೂಡಲೇ ಗೆಂಡೆ, ಬೇರೆ ಮೀನು, ನೀರುಕಾಗೆ ಎಲ್ಲ ಬಂದು ಆ ಮರಿಗಳನ್ನು ಮುಗಿಸುತ್ತವೆ. ಒಂದು ಮೀನು ಹಿಡಿದು ನೂರಾರು ಕಳೆದುಕೊಂಡ ಹಾಗೆ.

ಅಕ್ಕನ ಮಗ ಜೂನ್ ಕೊನೆಯಲ್ಲಿ ಒಂದು ಭಾನುವಾರ ಮತ್ತೆ ಬಂದಿದ್ದ. ರಾಡು ತಂದಿದ್ದ. ಕೆರೆ ಏರಿಯ ಮೇಲೆ ಕೊಡೆ ಹಿಡಿದು ನಿಂತಾಗ ಜೊಂಡಿನ ಪಕ್ಕದಲ್ಲಿ ಆ ಕೆಂಪು ಕುದಿತ ಕಂಡಿತು. ತೋರಿಸಿದೆ. ರಾಡನ್ನು ಬೇಲಿಗೆ ಒರಗಿಸಿ, ಕೂತು ನೋಡಿದ. ಮರಿಗಳು ಒಟ್ಟಿಗೆ ಮೇಲೆ ಬಂದು, ಒಟ್ಟಿಗೆ ಮುಳುಗಿ, ನಾಲ್ಕು ಅಡಿ ಆಚೆ ಮತ್ತೆ ಮೇಲೆ ಬಂದವು. ಅವುಗಳ ಹಿಂದೆ ಒಂದು ಕಪ್ಪು ತಲೆ ಎದ್ದು ಗುಳಕ್ ಅಂದು ಮುಳುಗಿತು.

'ಮಾವ, ಎಷ್ಟು ದಪ್ಪ ಇದೆ ನೋಡು' ಅಂತ ಪಿಸುಗುಟ್ಟಿದ. ಮಳೆ ಜೋರಾಗುವವರೆಗೂ ಅಲ್ಲೇ ಕೂತಿದ್ದೆವು.